ಸಾರ್ವಜನಿಕ ಆಸ್ಪತ್ರೆ ಮತ್ತು ಲಿಂಗತ್ವ ಅಲ್ಪಸಂಖ್ಯಾತರು: ಒಂದು ಚಾರಿತ್ರಿಕ ನೋಟ

ಸವದತ್ತಿಯ ಎಲ್ಲಮ್ಮನ ಕಥನದಲ್ಲಿ ರೋಗಕ್ಕೆ ಮುಖ್ಯವಾದ ಸ್ಥಾನವಿದೆ. ಜಮದಗ್ನಿಯ ಶಾಪದಿಂದ ರೇಣುಕೆಯ ಮೈಗೆ ಕುಷ್ಠ ಹತ್ತುತ್ತದೆ. ಆಶ್ರಮದಿಂದ ಹೊರಬಿದ್ದು ಅಡವಿಯಲ್ಲಿ ಅಲೆಯುವ ಅವಳನ್ನು ಕಂಡು ಹೇಸದೆ ಹತ್ತಿರ ಕರೆದವರು ಎಕ್ಕಯ್ಯ, ಜೋಗಯ್ಯರೆಂಬ ಇಬ್ಬರು ಜೋಗಿಗಳು. ಅವರು ಹೇಳಿದಂತೆ ಜೋಗುಳಬಾವಿಯಲ್ಲಿ ಮಿಂದು, ಅರಿಸಿನ ಹಚ್ಚಿಕೊಂಡ ಮೇಲೆ ಅವಳ ರೋಗ ಕಳೆಯುತ್ತದೆ. ಗುಡ್ಡಕ್ಕೆ ಹೋಗುವ ಭಕ್ತರು ಜೋಗುಳಬಾವಿಯಲ್ಲಿ ಮಿಂದು ಮೇಲೇರುವ ರೂಢಿಗೆ ಈ ಕಥೆಯೇ ಆಧಾರ. ಮುಂದೆ ತಾಯಿಯ ತಲೆ ಕಡಿಯಲು ಒಪ್ಪದ ಹಿರಿಯ ಮಕ್ಕಳು ತಂದೆಯ ಶಾಪಕ್ಕೆ ಗುರಿಯಾಗಿ ಗಂಡಸುತನ ಕಳೆದುಕೊಂಡರೆಂದು ಕಥೆಯ ಕೆಲವು ಪಾಠಗಳು ಹೇಳುತ್ತವೆ. ಎಲ್ಲಮ್ಮನ ಸೇವೆಗೆ ನಿಂತ ಜೋಗಪ್ಪಂದಿರು ತಮ್ಮ ಮೂಲವನ್ನು ಈ ಮಕ್ಕಳಲ್ಲಿ ಗುರುತಿಸಿಕೊಳ್ಳುವುದುಂಟು. ರೋಗಿಯಾಗಿದ್ದ ದೇವತೆ, ಗುಣಪಡಿಸುವ ನೀರು, ಗಂಡೂ ಅಲ್ಲದ ಹೆಣ್ಣೂ ಅಲ್ಲದ ಮಕ್ಕಳು, ಈ ಮೂರೂ ಒಂದೇ ಕಥನದೊಳಗೆ ಕೂಡಿ ಬಂದಿರುವುದು ಆಕಸ್ಮಿಕವಲ್ಲ.

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬಳಕೆಯಲ್ಲಿರುವ ‘ಕಾಟ’ ಎಂಬ ಮಾತನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ವಾಸಿಯಾಗದ ಚರ್ಮರೋಗ, ಜಡೆಗಟ್ಟಿದ ಕೂದಲು, ಗಂಡುಹುಡುಗನ ನಡೆನುಡಿಯಲ್ಲಿ ಕಾಣುವ ಹೆಣ್ಣಿಗತನ, ಇವೆಲ್ಲವನ್ನೂ ಜನಪದರು ಒಂದೇ ಸಾಲಿನಲ್ಲಿಟ್ಟು ‘ಅವ್ವನ ಕಾಟ’ ಎಂದರು. ಕಾಟಕ್ಕೆ ಮದ್ದಿಲ್ಲ, ಕಾಡಿದವಳಿಗೇ ಒಪ್ಪಿಸಬೇಕು. ಹೀಗೆ ಒಪ್ಪಿಸುವ ಆಚರಣೆಯೇ ಮುತ್ತು ಕಟ್ಟುವುದು. ಉಡಿದಾರ ಹರಿದು, ಗಂಡುಡುಗೆ ತೆಗೆಸಿ, ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಕೊರಳಿಗೆ ಮುತ್ತು ಕಟ್ಟಿದ ಮೇಲೆ ಆ ವ್ಯಕ್ತಿ ಜೋಗಪ್ಪ ಅಥವಾ ಜೋಗತಿ. ತಲೆಯ ಮೇಲೆ ಕೊಡವೋ ಜಗವೋ, ಕೈಯಲ್ಲಿ ಪಡ್ಲಿಗೆ, ಜೊತೆಗೆ ಚೌಡಿಕೆಯ ನಾದ, ಮನೆಮನೆಯ ಮುಂದೆ ಜೋಗ. ಸವದತ್ತಿಯಂತೆಯೇ ಕೊಪ್ಪಳ ಜಿಲ್ಲೆಯ ಹುಲಿಗಿಯ ಹುಲಿಗೆಮ್ಮನ ಸನ್ನಿಧಿಯೂ ಈ ಪರಂಪರೆಯ ದೊಡ್ಡ ನೆಲೆ. ಜೋಗತಿ ಮಂಜಮ್ಮನವರು ೨೦೧೯ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದುದು, ೨೦೨೧ರಲ್ಲಿ ಪದ್ಮಶ್ರೀ ಪಡೆದುದು ಈ ಪರಂಪರೆಗೆ ಸಂದ ಮನ್ನಣೆ.

ಈ ವ್ಯವಸ್ಥೆಯನ್ನು ವೈಭವೀಕರಿಸುವ ಅಗತ್ಯವಿಲ್ಲ. ಮುತ್ತು ಕಟ್ಟಿಸಿಕೊಳ್ಳುವ ಹುಡುಗನ ಇಚ್ಛೆಯನ್ನು ಕೇಳಿದ್ದಕ್ಕಿಂತ ಕುಟುಂಬದ ಮರ್ಯಾದೆಯನ್ನು ಕಾಯ್ದುದೇ ಹೆಚ್ಚು. ಮುತ್ತು ಕಟ್ಟುವ ಮೊದಲು ಬೈಗುಳ, ಹೊಡೆತ, ದೆವ್ವ ಬಿಡಿಸುವ ಹಿಂಸೆ ಇದ್ದೇ ಇರುತ್ತಿದ್ದವು. ಆನಂತರದ ಬದುಕು ಬೇಡಿ ತಿನ್ನುವ ಬದುಕು. ಆದರೂ ಒಂದು ಮಾತನ್ನು ಒಪ್ಪಬೇಕಾಗುತ್ತದೆ. ಕಾಟದ ಪರಿಭಾಷೆಯಲ್ಲಿ ಆ ದೇಹ ಅಪರಾಧದ ಗುರುತಾಗಿರಲಿಲ್ಲ. ಅದನ್ನು ಬಟ್ಟೆ ಬಿಚ್ಚಿಸಿ ನೋಡಬೇಕಾದ ಅಗತ್ಯವೂ ಯಾರಿಗೂ ಬಿದ್ದಿರಲಿಲ್ಲ.

ಲಿಂಗತ್ವ ಅಲ್ಪಸಂಖ್ಯಾತರು ಸರ್ಕಾರಿ ಆಸ್ಪತ್ರೆಗೆ ಬಾರದಿರುವುದಕ್ಕೆ ಬಡತನ, ಅಜ್ಞಾನ, ಮೂಢನಂಬಿಕೆಗಳನ್ನು ಕಾರಣವಾಗಿ ಹೇಳುವ ವಾಡಿಕೆಯಿದೆ. ದೇವರ ಮೊರೆ ಹೋಗುವವರು ವೈದ್ಯರ ಬಳಿಗೆ ಬಾರರು ಎಂಬುದು ಈ ವಾದದ ತಿರುಳು. ಅದೇ ಜೋಗುಳಬಾವಿಯಲ್ಲಿ ಮಿಂದ ಲಕ್ಷಾಂತರ ರೈತಕುಟುಂಬಗಳು ತಾಲ್ಲೂಕು ಆಸ್ಪತ್ರೆಯ ಸಾಲಿನಲ್ಲಿಯೂ ನಿಂತಿವೆ. ಭಂಡಾರ ಹಚ್ಚಿಕೊಂಡ ಕೈಯಲ್ಲಿಯೇ ಮಾತ್ರೆಯನ್ನೂ ಹಿಡಿದಿವೆ. ಆದ್ದರಿಂದ ನಂಬಿಕೆಯೊಂದೇ ಅಡ್ಡಿಯಾಗಿತ್ತು ಎಂಬ ವಿವರಣೆ ನಿಲ್ಲುವುದಿಲ್ಲ. ಆಧುನಿಕ ಪ್ರಭುತ್ವದ ವೈದ್ಯ ಈ ಸಮುದಾಯವನ್ನು ಮೊದಲು ಭೇಟಿಯಾದುದು ಯಾವ ಕಾರಣಕ್ಕೆ ಎಂಬ ಪ್ರಶ್ನೆಯನ್ನು ಕೇಳಿಕೊಂಡರೆ ಬೇರೊಂದು ಉತ್ತರ ದೊರೆಯುತ್ತದೆ.

ಪರೀಕ್ಷೆಯ ಕಾನೂನು

ಬ್ರಿಟಿಷ್ ಸರ್ಕಾರ ೧೮೭೧ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ ವಿದ್ವತ್ ವಲಯದಲ್ಲಿ ಸಾಕಷ್ಟು ಚರ್ಚೆಗೊಳಗಾಗಿದೆ. ಆದರೆ ಅದರ ಎರಡನೆಯ ಭಾಗ ಬುಡಕಟ್ಟುಗಳಿಗೆ ಸಂಬಂಧಿಸಿದ್ದಲ್ಲ, ‘ನಪುಂಸಕ’ರಿಗೆ ಸಂಬಂಧಿಸಿದ್ದು ಎಂಬುದು ಬಹುಕಾಲ ಗಮನಕ್ಕೆ ಬಂದಿರಲಿಲ್ಲ. ಉತ್ತರ ಭಾರತದ ಪ್ರಾಂತಗಳಲ್ಲಿ ಜಾರಿಗೆ ಬಂದ ಈ ಭಾಗದ ಪ್ರಕಾರ, ಹುಡುಗರನ್ನು ಅಪಹರಿಸುವ, ಪುಂಸತ್ವಹರಣ ಮಾಡುವ ಅಥವಾ ಭಾರತೀಯ ದಂಡಸಂಹಿತೆಯ ೩೭೭ನೆಯ ಕಲಮಿನ ಅಪರಾಧವೆಸಗುವ ಸಂಶಯಕ್ಕೆ ಒಳಗಾದವರ ಹೆಸರು, ವಾಸಸ್ಥಳ, ಆಸ್ತಿಗಳನ್ನು ನೋಂದಣಿ ಪುಸ್ತಕದಲ್ಲಿ ಬರೆದಿಡಬೇಕಾಗಿತ್ತು. ಹೆಸರು ಬರೆಸಿಕೊಂಡವರು ಹೆಣ್ಣುಡುಗೆ ಉಟ್ಟು ಬೀದಿಯಲ್ಲಿ ಕಾಣಿಸಿಕೊಂಡರೆ, ಸಾರ್ವಜನಿಕವಾಗಿ ಹಾಡಿ ಕುಣಿದರೆ ವಾರಂಟಿಲ್ಲದೆ ಬಂಧಿಸಬಹುದಿತ್ತು. ಶಿಕ್ಷೆ ಎರಡು ವರ್ಷದವರೆಗೆ. ಅವರು ಉಯಿಲು ಬರೆಯುವಂತಿರಲಿಲ್ಲ, ದಾನ ಕೊಡುವಂತಿರಲಿಲ್ಲ, ದತ್ತು ಪಡೆಯುವಂತಿರಲಿಲ್ಲ.

ಹದಿನಾರು ವರ್ಷದೊಳಗಿನ ಹುಡುಗರನ್ನು ಮನೆಯಲ್ಲಿಟ್ಟುಕೊಳ್ಳುವುದನ್ನೂ ಕಾಯ್ದೆ ನಿಷೇಧಿಸಿತು. ಗುರು ಮತ್ತು ಚೇಲಾ ಸಂಬಂಧವೇ ಈ ಸಮುದಾಯದ ಕುಲ, ಮನೆ, ಉತ್ತರಾಧಿಕಾರ ಎಲ್ಲವೂ ಆಗಿತ್ತೆಂಬುದನ್ನು ನೆನೆದರೆ ಕಾಯ್ದೆ ಕಡಿದದ್ದು ಯಾವ ಬೇರನ್ನು ಎಂಬುದು ತಿಳಿಯುತ್ತದೆ.

ವೈದ್ಯಸೇವೆಯ ಚರಿತ್ರೆಗೆ ಮುಖ್ಯವಾದುದು ಕಾಯ್ದೆಯ ವ್ಯಾಖ್ಯೆ. ತಾನು ಷಂಡನೆಂದು ಒಪ್ಪಿಕೊಂಡ ಅಥವಾ ವೈದ್ಯಪರೀಕ್ಷೆಯಲ್ಲಿ ಹಾಗೆಂದು ಸ್ಪಷ್ಟವಾಗಿ ಕಂಡುಬಂದ ಗಂಡು ಎಂಬುದೇ ಆ ವ್ಯಾಖ್ಯೆ. ಅಂದರೆ ಪೊಲೀಸು ಕೈಪಿಡಿಯಲ್ಲಿ ವೈದ್ಯನಿಗೆ ಒಂದು ಹುದ್ದೆ ದೊರೆಯಿತು. ಕಾಯಿಲೆಯನ್ನು ಕೇಳದೆ, ಔಷಧಿಯನ್ನು ಕೊಡದೆ, ದೇಹವನ್ನು ನೋಡಿ ಪೊಲೀಸರಿಗೆ ತಿಳಿಸುವ ಹುದ್ದೆ ಅದು. ಸಿವಿಲ್ ಸರ್ಜನ್ನನ ಕೊಠಡಿಯೊಳಗೆ ಈ ಜನ ಕಾಲಿಟ್ಟದ್ದು ಜಮಾದಾರನ ಜೊತೆಯಲ್ಲಿ.

ಅಲಹಾಬಾದ್ ಉಚ್ಚ ನ್ಯಾಯಾಲಯದ ಮುಂದೆ ೧೮೮೪ರಲ್ಲಿ ಬಂದ ಖೈರಾತಿ ಪ್ರಕರಣ ಇದನ್ನು ಸ್ಪಷ್ಟಪಡಿಸುತ್ತದೆ. ಮೊರಾದಾಬಾದಿನಲ್ಲಿ ಹೆಣ್ಣುಡುಗೆ ತೊಟ್ಟು ಹಾಡುತ್ತಿದ್ದ ಖೈರಾತಿ ಪೊಲೀಸರ ಕಣ್ಣಿಗೆ ಬಿದ್ದುದರಿಂದ ಬಂಧನವಾಯಿತು. ಅಪರಾಧ ನಡೆದ ದಿನ, ಸ್ಥಳ, ಜೊತೆಗಾರ ಯಾವುದೂ ಗೊತ್ತಿರಲಿಲ್ಲ. ಇದ್ದ ಸಾಕ್ಷ್ಯವೆಂದರೆ ಉಡುಗೆ ಮತ್ತು ವೈದ್ಯಪರೀಕ್ಷೆಯ ವರದಿ. ಕೆಳಗಿನ ನ್ಯಾಯಾಲಯಕ್ಕೆ ಇಷ್ಟೇ ಸಾಕಾಯಿತು. ಉಚ್ಚ ನ್ಯಾಯಾಲಯ ಶಿಕ್ಷೆಯನ್ನು ರದ್ದುಪಡಿಸಿತಾದರೂ ಇಂಥವನ್ನು ಹತ್ತಿಕ್ಕಬೇಕೆಂಬ ಅಧಿಕಾರಿಗಳ ಆಶಯವನ್ನು ಮೆಚ್ಚಿಯೇ ಹಾಗೆ ಮಾಡಿತು. ನೂರಮೂವತ್ತು ವರ್ಷಗಳ ಅನಂತರ, ೨೦೧೪ರಲ್ಲಿ, ಸರ್ವೋಚ್ಚ ನ್ಯಾಯಾಲಯ ನಾಲ್ಸಾ ತೀರ್ಪಿನಲ್ಲಿ ಈ ಪ್ರಕರಣವನ್ನು ಮತ್ತೆ ನೆನೆಯಬೇಕಾಯಿತು.

ಇದೆಲ್ಲ ಉತ್ತರದ ಮಾತಾಯಿತು, ಕನ್ನಡ ನಾಡಿಗೇನು ಸಂಬಂಧ ಎಂದು ಕೇಳಬಹುದು. ನಿಜಾಮನ ಹೈದರಾಬಾದ್ ಸಂಸ್ಥಾನ ಫಸಲಿ ೧೩೨೯ರಲ್ಲಿ, ಅಂದರೆ ೧೯೧೯ರಲ್ಲಿ, ಇದೇ ವ್ಯಾಖ್ಯೆಯನ್ನು ಹೆಚ್ಚುಕಡಿಮೆ ಹಾಗೆಯೇ ಎತ್ತಿಕೊಂಡು ತನ್ನದೇ ಕಾಯ್ದೆ ಮಾಡಿತು. ಹೈದರಾಬಾದ್ ನಗರ ಮತ್ತು ಸರ್ಕಾರ ಸೂಚಿಸುವ ಇತರ ಸ್ಥಳಗಳಲ್ಲಿ ನೋಂದಣಿ ನಡೆಸಲು ಅದು ಅವಕಾಶ ಕೊಟ್ಟಿತು. ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು ಆಗ ಆ ಸಂಸ್ಥಾನದಲ್ಲಿದ್ದವು. ಕೊಪ್ಪಳ ಸೀಮೆಯೂ ರಾಯಚೂರಿಗೆ ಸೇರಿತ್ತು. ಹಾಗಾಗಿ ಸೀರೆ ಉಡಿಸಿ ದೇವಿಗೆ ಒಪ್ಪಿಸುವ ಹುಲಿಗಿಯೂ, ಸೀರೆ ಉಟ್ಟ ಗಂಡನ್ನು ಶಂಕಿತನೆನ್ನುವ ಕಾಯ್ದೆಯೂ ಒಂದೇ ಪ್ರಭುತ್ವದಡಿಯಲ್ಲಿದ್ದವು. ತೆಲಂಗಾಣ ಪ್ರದೇಶದ ಕಾನೂನಾಗಿ ಉಳಿದುಕೊಂಡಿದ್ದ ಇದನ್ನು ತೆಲಂಗಾಣ ಉಚ್ಚ ನ್ಯಾಯಾಲಯ ಅಸಾಂವಿಧಾನಿಕವೆಂದು ರದ್ದುಮಾಡಿದ್ದು ೨೦೨೩ರ ಜುಲೈನಲ್ಲಿ.

ಕಾನೂನು ಒಂದೆಡೆ ಸತ್ತರೂ ಅದರ ಭಾಷೆ ಇನ್ನೊಂದೆಡೆ ಹುಟ್ಟುವುದುಂಟು. ಕರ್ನಾಟಕ ಪೊಲೀಸ್ ಕಾಯ್ದೆಗೆ ೨೦೧೧ರಲ್ಲಿ ಸೇರಿಸಲಾದ ೩೬ಎ ಕಲಮು ಪೊಲೀಸ್ ಆಯುಕ್ತರಿಗೆ ನಪುಂಸಕರ ಹೆಸರು, ವಾಸಸ್ಥಳಗಳ ನೋಂದಣಿ ಪುಸ್ತಕವಿಡುವ ಅಧಿಕಾರ ಕೊಟ್ಟಿತು. ಅಪಹರಣ, ಪುಂಸತ್ವಹರಣ, ಅಸಹಜ ಅಪರಾಧ ಎಂಬ ೧೮೭೧ರ ಅನುಕ್ರಮವೂ ಅದರಲ್ಲಿ ಬದಲಾಗಿರಲಿಲ್ಲ. ಸಮುದಾಯದ ಸಂಘಟನೆಗಳು ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ, ೨೦೧೬ರ ತಿದ್ದುಪಡಿಯಲ್ಲಿ ಆ ಪದವನ್ನು ಕೈಬಿಡಲಾಯಿತು.

ವೈದ್ಯಶಿಕ್ಷಣದಲ್ಲಿಯೂ ಈ ಪರಂಪರೆ ಮುಂದುವರಿಯಿತು. ಭಾರತದ ವೈದ್ಯ ವಿದ್ಯಾರ್ಥಿ ಈ ಜನರ ವಿಷಯವನ್ನು ಓದುತ್ತಿದ್ದುದು ನ್ಯಾಯವೈದ್ಯಶಾಸ್ತ್ರದ ಪುಸ್ತಕದಲ್ಲಿ, ಅಸಹಜ ಲೈಂಗಿಕ ಅಪರಾಧಗಳ ಅಧ್ಯಾಯದಲ್ಲಿ. ಜ್ವರ, ಮಧುಮೇಹ, ಮೂಳೆಮುರಿತಗಳ ಅಧ್ಯಾಯಗಳಲ್ಲಿ ಅವರು ಕಾಣಿಸಿಕೊಳ್ಳಲಿಲ್ಲ. ಮದರಾಸು ಉಚ್ಚ ನ್ಯಾಯಾಲಯ ೨೦೨೧ರಲ್ಲಿ ಪ್ರಶ್ನಿಸಿದ ಮೇಲೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಪಠ್ಯಪುಸ್ತಕಗಳ ಅವಹೇಳನಕಾರಿ ಭಾಗಗಳನ್ನು ತಿದ್ದುವಂತೆ ಸೂಚಿಸಿತು. ಅದೇ ಆಯೋಗ ೨೦೨೪ರಲ್ಲಿ ಹೊರಡಿಸಿದ ಪಠ್ಯಕ್ರಮದ ನ್ಯಾಯವೈದ್ಯಶಾಸ್ತ್ರ ಭಾಗದಲ್ಲಿ ಸಲಿಂಗ ಸಂಬಂಧಗಳು ಮತ್ತೆ ಲೈಂಗಿಕ ಅಪರಾಧಗಳ ಪಟ್ಟಿಗೆ ಸೇರಿಕೊಂಡವು. ವಿರೋಧ ಬಂದ ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಕಲಿತ ಪಾಠವನ್ನು ಮರೆಯುವುದು ವ್ಯಕ್ತಿಗಿಂತ ಸಂಸ್ಥೆಗೆ ಕಷ್ಟ.

ನಲವತ್ತು ದಿನ

ಆಸ್ಪತ್ರೆಯ ಹೊರಗೆ ಸಮುದಾಯ ತನ್ನದೇ ಆದ ಆರೈಕೆಯ ಕ್ರಮವೊಂದನ್ನು ಕಟ್ಟಿಕೊಂಡಿತ್ತು. ಹಿಜಡಾ ಪರಂಪರೆಯಲ್ಲಿ ‘ನಿರ್ವಾಣ’ವೆಂದು ಕರೆಯಲಾಗುವ ಛೇದನಕ್ರಿಯೆಯನ್ನು ನಡೆಸುತ್ತಿದ್ದವರು ಸಮುದಾಯದ ದಾಯಮ್ಮಂದಿರು. ‘ದಾಯಿ’ ಎಂದರೆ ಸೂಲಗಿತ್ತಿ. ಈ ಹೆಸರಿನಲ್ಲಿಯೇ ಆ ಕ್ರಿಯೆಯ ಅರ್ಥವೂ ಇದೆ: ಅದು ಹುಟ್ಟು, ಅನಂತರದ್ದು ಬಾಣಂತನ. ಬಹುಚರಾ ಮಾತೆಯ ಹೆಸರಿನಲ್ಲಿ ನಡೆಯುವ ಈ ಕ್ರಿಯೆಯ ಬಳಿಕ ನಲವತ್ತು ದಿನ ಹೊರಗೆ ಬರುವಂತಿಲ್ಲ, ಕನ್ನಡಿ ನೋಡುವಂತಿಲ್ಲ. ಬಾಣಂತಿಗೆ ಮಾಡುವಂಥ ಬಿಸಿನೀರಿನ ಉಪಚಾರ, ಪಥ್ಯದ ಊಟ. ನಲವತ್ತನೆಯ ದಿನ ಅರಿಸಿನ ಹಚ್ಚಿ, ಮದರಂಗಿ ಹಾಕಿ, ಹೊಸ ಸೀರೆ ಉಡಿಸಿ ಜಲ್ಸಾ ನಡೆಸಲಾಗುತ್ತದೆ. ಹೆರಿಗೆಮನೆಯ ಆಚರಣೆಗಳನ್ನು ಹತ್ತಿರದಿಂದ ಬಲ್ಲ ಜಾನಪದ ಅಧ್ಯಯನಕ್ಕೆ ಈ ನಲವತ್ತು ದಿನಗಳ ರಚನೆ ಅಪರಿಚಿತವಲ್ಲ. ಜೋಗಪ್ಪಂದಿರ ಪರಂಪರೆ ಇಲ್ಲಿ ಬೇರೆಯಾಗುತ್ತದೆ. ದೇವಿ ಕೊಟ್ಟ ದೇಹಕ್ಕೆ ಕತ್ತರಿ ಹಾಕಬಾರದೆಂಬುದು ಅವರಲ್ಲಿ ಹಿರಿಯರು ಹೇಳಿಕೊಂಡು ಬಂದ ಮಾತು. ಕಿರಿಯರಲ್ಲಿ ಕೆಲವರು ಅದನ್ನು ಮೀರಿದ್ದಾರೆ.

ದಾಯಮ್ಮನ ಕೈಯಲ್ಲಿ ಉಳಿದವರಿದ್ದಂತೆ ರಕ್ತಸ್ರಾವದಿಂದ, ಮೂತ್ರ ಕಟ್ಟಿ, ನಂಜೇರಿ ಸತ್ತವರೂ ಇದ್ದರು. ಆಗ ಆಸ್ಪತ್ರೆಗೆ ಓಡಬಹುದಿತ್ತಲ್ಲ ಎಂಬ ಪ್ರಶ್ನೆಗೆ ದಂಡಸಂಹಿತೆಯಲ್ಲಿ ಉತ್ತರವಿದೆ. ೧೮೬೦ರ ಸಂಹಿತೆಯ ೩೨೦ನೆಯ ಕಲಮು ‘ತೀವ್ರ ಗಾಯ’ಗಳನ್ನು ಎಣಿಸುವಾಗ ಪುಂಸತ್ವಹರಣವನ್ನೇ ಮೊದಲನೆಯದಾಗಿ ಹೆಸರಿಸುತ್ತದೆ. ಸಂಹಿತೆಯ ಬದಲಿಗೆ ೨೦೨೪ರ ಜುಲೈ ೧ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೧೧೬ನೆಯ ಕಲಮಿನಲ್ಲಿಯೂ ಅದಕ್ಕೆ ಮೊದಲ ಸ್ಥಾನವೇ ದೊರೆಯಿತು. ಇಂಥ ಗಾಯದೊಡನೆ ಬಂದವರನ್ನು ಕಂಡ ಸರ್ಕಾರಿ ವೈದ್ಯ ಪ್ರಕರಣವನ್ನು ನ್ಯಾಯವೈದ್ಯಕ ಪುಸ್ತಕದಲ್ಲಿ ಬರೆದು ಠಾಣೆಗೆ ತಿಳಿಸಬೇಕಾಗುತ್ತಿತ್ತು. ಠಾಣೆಗೆ ತಿಳಿದರೆ ದಾಯಮ್ಮ, ಗುರು, ಮನೆಯವರೆಲ್ಲ ಸಿಕ್ಕಿಬೀಳುತ್ತಿದ್ದರು. ಹಾಗಾಗಿ ನೋವನ್ನು ನುಂಗಿ ಮನೆಯೊಳಗೇ ಉಳಿಯುವುದು ಬರೀ ನಂಬಿಕೆಯ ಮಾತಾಗಿರಲಿಲ್ಲ; ಕಾನೂನನ್ನು ಕಂಡವರ ಲೆಕ್ಕಾಚಾರವೂ ಆಗಿತ್ತು. ಇದೇ ಕಲಮಿನ ಅಳುಕು ಸರ್ಕಾರಿ ಶಸ್ತ್ರವೈದ್ಯರನ್ನೂ ಕಾಡಿತು.

ಸರ್ಕಾರಿ ಆಸ್ಪತ್ರೆ ಒಲ್ಲದ ಕೆಲಸವನ್ನು ಸಣ್ಣ ಊರುಗಳ ಖಾಸಗಿ ವೈದ್ಯರು ಗುಟ್ಟಾಗಿ ಕೈಗೆತ್ತಿಕೊಂಡರು. ಎ. ರೇವತಿಯವರ ಆತ್ಮಕಥೆ ಇದರ ದಾಖಲೆಯೂ ಹೌದು. ತಮಿಳುನಾಡಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಬಹುಕಾಲ ದುಡಿದ ರೇವತಿಯವರ ಈ ಕೃತಿ ದು. ಸರಸ್ವತಿಯವರ ಅನುವಾದದಲ್ಲಿ ‘ಬದುಕು ಬಯಲು’ ಎಂಬ ಹೆಸರಿನಿಂದ ಕನ್ನಡಕ್ಕೆ ಬಂದಿದೆ. ವೈದ್ಯರ ಶಸ್ತ್ರಕ್ರಿಯೆ ಮತ್ತು ಅನಂತರ ಸಮುದಾಯದ ಮನೆಯ ನಲವತ್ತು ದಿನಗಳು, ಎರಡೂ ಅದರಲ್ಲಿ ಬರುತ್ತವೆ. ಕೊಯ್ದವರು ವೈದ್ಯರು, ಉಳಿಸಿಕೊಂಡವರು ಗುರುಮನೆಯವರು ಎಂಬ ಭಾವನೆ ಓದುಗನಲ್ಲಿ ಉಳಿಯುತ್ತದೆ.

ತೆರೆದ ಒಂದೇ ಬಾಗಿಲು

ಭಾರತದಲ್ಲಿ ಎಚ್.ಐ.ವಿ. ಸೋಂಕು ಮೊದಲು ಪತ್ತೆಯಾದುದು ೧೯೮೬ರಲ್ಲಿ, ಮದರಾಸಿನಲ್ಲಿ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ೧೯೯೨ರಲ್ಲಿ ಹುಟ್ಟಿತು. ನೂರು ವರ್ಷಗಳ ಕಾಲ ಈ ಸಮುದಾಯವನ್ನು ಮರೆತಿದ್ದ ಆರೋಗ್ಯ ಇಲಾಖೆ ಅದನ್ನು ಹುಡುಕಿಕೊಂಡು ಹೊರಟದ್ದು ಆಮೇಲೆ. ಕರ್ನಾಟಕದಲ್ಲಿ ೨೦೦೩ರ ಬಳಿಕ ಗೇಟ್ಸ್ ಪ್ರತಿಷ್ಠಾನದ ನೆರವಿನ ‘ಆವಾಹನ್’ ಯೋಜನೆ, ೨೦೦೭ರಿಂದ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಮೂರನೆಯ ಹಂತ, ಇವುಗಳ ಮೂಲಕ ಸಮುದಾಯದವರೇ ಕಾರ್ಯಕರ್ತರಾಗಿ ತಮ್ಮವರನ್ನು ಆಸ್ಪತ್ರೆಗೆ ಕರೆತಂದರು. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಎ.ಆರ್.ಟಿ. ಚಿಕಿತ್ಸೆ ೨೦೦೪ರ ಏಪ್ರಿಲ್‌ನಲ್ಲಿ ಆರಂಭವಾಯಿತು. ಇದರಿಂದ ಉಳಿದ ಜೀವಗಳನ್ನು ಕಡೆಗಣಿಸಿ ಈ ಚರಿತ್ರೆಯನ್ನು ಬರೆಯಲಾಗದು. ಸೋಂಕಿನ ಹೊರೆಯೂ ಸಣ್ಣದಾಗಿರಲಿಲ್ಲ. ೨೦೧೭ರ ಕಣ್ಗಾವಲು ಸಮೀಕ್ಷೆಯಲ್ಲಿ ಈ ಸಮುದಾಯದ ಸೋಂಕಿನ ಪ್ರಮಾಣ ಶೇಕಡ ೩.೧೪; ಅದೇ ವರ್ಷ ದೇಶದ ವಯಸ್ಕರಲ್ಲಿ ಅದು ಶೇಕಡ ೦.೨೨ ಎಂದು ಅಂದಾಜಿಸಲಾಗಿತ್ತು.

ಆದರೆ ತೆರೆದದ್ದು ಒಂದೇ ಬಾಗಿಲು. ಆಸ್ಪತ್ರೆಯ ಕಣ್ಣಿನಲ್ಲಿ ಈ ದೇಹ ಈಗ ಅಪರಾಧದ ಸಾಕ್ಷ್ಯದಿಂದ ಸೋಂಕಿನ ಮೂಲವಾಗಿ ಬದಲಾಯಿತು. ಜ್ವರವೆಂದು ಬಂದವರನ್ನು, ಬೆನ್ನುನೋವೆಂದು ಬಂದವರನ್ನು ರಕ್ತಪರೀಕ್ಷೆಯ ಕೊಠಡಿಯ ಕಡೆಗೆ ಕೈತೋರಿಸಿ ಕಳಿಸುವುದು ರೂಢಿಯಾಯಿತು. ಮೊದಮೊದಲು ‘ಪುರುಷರೊಡನೆ ಲೈಂಗಿಕ ಸಂಪರ್ಕವಿರುವ ಪುರುಷರು’ ಎಂಬ ತಲೆಬರಹದಡಿಯಲ್ಲಿಯೇ ಇವರನ್ನೂ ಎಣಿಸಿದ್ದರಿಂದ ಹೆಣ್ಣಾಗಿ ಬದುಕುತ್ತಿದ್ದವರು ಇಲಾಖೆಯ ಕಡತದಲ್ಲಿ ಗಂಡಸರಾಗಿಯೇ ಉಳಿದರು. ಇನ್ನು, ಹೆಣ್ಣಾಗಿ ಹುಟ್ಟಿ ಗಂಡಾಗಿ ಬದುಕುವವರು ಈ ಕಾರ್ಯಕ್ರಮದ ಕಣ್ಣಿಗೆ ಬೀಳಲೇ ಇಲ್ಲ. ೧೮೭೧ರ ಕಾಯ್ದೆ ಅವರನ್ನು ಕಂಡಿರಲಿಲ್ಲ. ಮುತ್ತು ಕಟ್ಟುವ ಪರಂಪರೆಯೂ ಜೋಗಪ್ಪನಿಗೆ ಕೊಟ್ಟಂಥ ಹೆಸರನ್ನು, ನೆಲೆಯನ್ನು ಅವರಿಗೆ ಕೊಟ್ಟಂತಿಲ್ಲ. ಗಡ್ಡ ಬಿಟ್ಟವರು ಸ್ತ್ರೀರೋಗ ವಿಭಾಗದ ಬೆಂಚಿನ ಮೇಲೆ ಕಾದು ಕೂರಬೇಕಾದ ಸಂಕಟವನ್ನು ಇವುಗಳಲ್ಲಿ ಯಾವುದೂ ಊಹಿಸಿರಲಿಲ್ಲ.

ಚೀಟಿ, ಸರದಿ, ವಾರ್ಡು

ಆಸ್ಪತ್ರೆಯೊಳಗಿನ ಅಡೆತಡೆಗಳ ವಿವರ ಮೊದಲು ದೊರೆತದ್ದು ಹೊರಗಿನವರ ವರದಿಗಳಿಂದ. ಪಿ.ಯು.ಸಿ.ಎಲ್.ನ ಕರ್ನಾಟಕ ಘಟಕ ೨೦೦೧ರಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಹಕ್ಕುಗಳ ಉಲ್ಲಂಘನೆಯ ಬಗೆಗೆ, ೨೦೦೩ರಲ್ಲಿ ಬೆಂಗಳೂರಿನ ಕೋತಿ ಮತ್ತು ಹಿಜಡಾ ಲೈಂಗಿಕ ವೃತ್ತಿನಿರತರ ಬಗೆಗೆ ವರದಿಗಳನ್ನು ಪ್ರಕಟಿಸಿತು. ಈ ಕ್ಷೇತ್ರದಲ್ಲಿ ಅವು ಮೊದಲ ಆಕರಗಳು. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮಕ್ಕಾಗಿ ೨೦೧೦ರಲ್ಲಿ ವೆಂಕಟೇಶನ್ ಚಕ್ರಪಾಣಿಯವರು ಸಿದ್ಧಪಡಿಸಿದ ವರದಿ ಆಸ್ಪತ್ರೆಯ ಅನುಭವಗಳನ್ನು ಇನ್ನಷ್ಟು ನಿಖರವಾಗಿ ಹೇಳಿತು: ಬೇಕೆಂದೇ ಗಂಡಸರಂತೆ ಕರೆಯುವುದು, ಗಂಡಸೆಂದು ಬರೆದುಕೊಂಡು ಗಂಡಸರ ವಾರ್ಡಿಗೆ ಸೇರಿಸುವುದು, ಗಂಡಸರ ಸಾಲಿನಲ್ಲಿ ನಿಲ್ಲಿಸುವುದು, ಸಿಬ್ಬಂದಿ ಮತ್ತು ಇತರ ರೋಗಿಗಳ ಹೀಯಾಳಿಕೆ, ಕೆಲವೊಮ್ಮೆ ಚಿಕಿತ್ಸೆಯ ನಿರಾಕರಣೆ.

ಈ ಪಟ್ಟಿಯನ್ನು ಸರ್ಕಾರಿ ಆಸ್ಪತ್ರೆಯ ನಡಾವಳಿಯ ಜೊತೆಗಿಟ್ಟು ನೋಡಬೇಕು. ಹೊರರೋಗಿ ಚೀಟಿ ಬರೆಯುವ ಗುಮಾಸ್ತ ಹೆಸರು, ವಯಸ್ಸು, ಗಂಡೋ ಹೆಣ್ಣೋ ಎಂದು ಕೇಳುತ್ತಾನೆ. ಪಡಿತರ ಚೀಟಿಯಲ್ಲಿ ಒಂದು ಹೆಸರು, ಎದುರು ನಿಂತವರ ಉಡುಗೆ ಇನ್ನೊಂದು. ಹಿಂದಿನ ಸಾಲಿಗೆಲ್ಲ ಕೇಳುವಂತೆ ಹಳೆಯ ಹೆಸರನ್ನು ಕೂಗಿದರೆ ಅರ್ಧ ರೋಗಿಗಳು ಅಲ್ಲಿಂದಲೇ ತಿರುಗುತ್ತಾರೆ. ಇಲ್ಲಿ ಗುಮಾಸ್ತನಿಗೆ ದ್ವೇಷವಿರಲೇಬೇಕೆಂದಿಲ್ಲ. ಅವನ ಮುಂದಿನ ಪುಸ್ತಕದಲ್ಲಿ ಇರುವುದೇ ಎರಡು ಕಲಂ. ಕಟ್ಟಡದಲ್ಲಿ ಇರುವುದೇ ಎರಡು ವಾರ್ಡು. ವಾರ್ಡಿನ ಕೊನೆಯಲ್ಲಿ ಇರುವುದೇ ಎರಡು ಬಗೆಯ ಶೌಚಾಲಯ. ಗಂಡಸರ ವಾರ್ಡಿನಲ್ಲಿ ಸೀರೆಯುಟ್ಟವರಿಗೆ ರಾತ್ರಿಯ ಭಯ. ಹೆಂಗಸರ ವಾರ್ಡಿನಲ್ಲಿ ಪಕ್ಕದ ಹಾಸಿಗೆಯವರ ತಕರಾರು. ಎರಡರ ನಡುವಣ ಓಣಿಯೇ ಕೊನೆಗೆ ಅವರ ಪಾಲಿಗೆ.

ಶಸ್ತ್ರಕ್ರಿಯೆಯೆಂದಾಗ ಇನ್ನೊಂದು ತೊಡಕು. ಒಪ್ಪ���ಗೆ ಪತ್ರಕ್ಕೆ ಸಂಬಂಧಿಕರ ಸಹಿ ಬೇಕು. ಮನೆಬಿಟ್ಟು ಇಪ್ಪತ್ತು ವರ್ಷವಾದವರ ಸಂಬಂಧಿಕರು ಯಾರು? ರಾತ್ರಿಯೆಲ್ಲ ಹಾಸಿಗೆಯ ಪಕ್ಕ ಕುಳಿತಿರುವ ಗುರುವಿಗೆ ಆ ಕಾಗದದ ಮೇಲೆ ಸ್ಥಾನವಿಲ್ಲ. ತೀರಿಕೊಂಡಾಗಲೂ ಇದೇ ಕಥೆ. ಬದುಕಿದ್ದಾಗ ಬಾಗಿಲು ಹಾಕಿದ ಮನೆಯವರಿಗೆ ಹೆಣದ ಮೇಲೆ ಹಕ್ಕು ಬರುತ್ತದೆ.

ಜೋಗಪ್ಪಂದಿರಿಗೆ ಇವುಗಳ ಮೇಲೊಂದು ವಿಚಿತ್ರ ಸ್ಥಿತಿ. ೧೯೮೨ರ ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ ದೇವದಾಸಿಯೆಂದರೆ ‘ಮಹಿಳೆ’ ಎಂದು ವ್ಯಾಖ್ಯಾನಿಸಿತು. ೧೯೯೩-೯೪ರಲ್ಲಿ ಮತ್ತು ೨೦೦೭-೦೮ರಲ್ಲಿ ಸರ್ಕಾರ ನಡೆಸಿದ ದೇವದಾಸಿಯರ ಸಮೀಕ್ಷೆಗಳು ಈ ವ್ಯಾಖ್ಯೆಯನ್ನೇ ಅನುಸರಿಸಿದವು. ಅದೇ ದೇವಿಗೆ ಅದೇ ಮುತ್ತು ಕಟ್ಟಿಸಿಕೊಂಡರೂ ಜೋಗಪ್ಪ ಪುನರ್ವಸತಿಯ ಪಟ್ಟಿಗೆ ಸೇರಲಿಲ್ಲ. ಜಡೆ ಬಿಟ್ಟ, ಭಂಡಾರ ಹಚ್ಚಿದ ಇವರು ನಗರದ ಹಿಜಡಾ ಸಂಘಟನೆಗಳ ಸುತ್ತ ರೂಪುಗೊಂಡ ಆರೋಗ್ಯ ಯೋಜನೆಗಳ ಅಂಚಿನಲ್ಲಿಯೇ ಉಳಿದರು. ಬೆಂಗಳೂರಿನ ಅನೇಕ ಸಂಸ್ಥೆ ೨೦೧೪ರಲ್ಲಿ ಜೋಗಪ್ಪಂದಿರ ಬಗೆಗೆ ಪ್ರತ್ಯೇಕ ಅಧ್ಯಯನ ವರದಿಯನ್ನು ತಂದುದು ಈ ಕೊರತೆಯನ್ನು ತುಂಬುವ ಪ್ರಯತ್ನ.

ಪ್ರಮಾಣಪತ್ರ

ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಎ.ಕೆ. ಸಿಕ್ರಿ ಅವರು ೨೦೧೪ರ ಏಪ್ರಿಲ್ ೧೫ರಂದು ಕೊಟ್ಟ ನಾಲ್ಸಾ ತೀರ್ಪು ಈ ದೀರ್ಘ ಚರಿತ್ರೆಯಲ್ಲಿ ದೊಡ್ಡ ತಿರುವು. ವ್ಯಕ್ತಿ ತನ್ನ ಲಿಂಗತ್ವವನ್ನು ತಾನೇ ಹೇಳಿಕೊಳ್ಳಬಹುದು, ಅದಕ್ಕೆ ಶಸ್ತ್ರಕ್ರಿಯೆಯನ್ನು ಷರತ್ತಾಗಿ ಒಡ್ಡುವುದು ಕಾನೂನುಬಾಹಿರ ಎಂದು ಅದು ಹೇಳಿತು. ಆಸ್ಪತ್ರೆಗಳಲ್ಲಿ ತಕ್ಕ ವೈದ್ಯಸೇವೆ ಒದಗಿಸಲು ಕೇಂದ್ರ, ರಾಜ್ಯ ಸರ್ಕಾರಗಳಿಗೆ ಆದೇಶಿಸಿತು. ‘ವೈದ್ಯಪರೀಕ್ಷೆಯಲ್ಲಿ ಕಂಡುಬಂದ’ ಎಂಬ ೧೮೭೧ರ ಮಾತು ಹೋಗಿ ‘ತಾನೇ ಹೇಳಿಕೊಂಡ’ ಎಂಬ ಮಾತು ಬಂದಿತು. ಇದರ ಹಿಂದೆಮುಂದೆ ನಡೆದ ಬೆಳವಣಿಗೆಗಳನ್ನು ಇಲ್ಲಿ ಸಂಕ್ಷೇಪವಾಗಿ ಸೂಚಿಸಿದರೆ ಸಾಕು. ತಮಿಳುನಾಡು ೨೦೦೮ರಲ್ಲಿಯೇ ಕಲ್ಯಾಣ ಮಂಡಳಿ ರಚಿಸಿತ್ತು. ೨೦೧೧ರ ಜನಗಣತಿಯಲ್ಲಿ ಗಂಡು, ಹೆಣ್ಣು ಎರಡರಲ್ಲೂ ಸೇರದೆ ‘ಇತರೆ’ ಎಂದು ಬರೆಸಿದವರ ಸಂಖ್ಯೆ ದೇಶದಲ್ಲಿ ೪,೮೭,೮೦೩, ಕರ್ನಾಟಕದಲ್ಲಿ ೨೦,೨೬೬. ಬರೆಸಲು ಅಂಜಿದವರು ಈ ಲೆಕ್ಕದಲ್ಲಿಲ್ಲ. ಕರ್ನಾಟಕದ ರಾಜ್ಯ ನೀತಿ ೨೦೧೭ರಲ್ಲಿ ಬಂದಿತು. ವಿಶ್ವ ಆರೋಗ್ಯ ಸಂಸ್ಥೆ ೨೦೧೯ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣದ ಹನ್ನೊಂದನೆಯ ಆವೃತ್ತಿ ಈ ಸ್ಥಿತಿಯನ್ನು ಮನೋರೋಗಗಳ ಅಧ್ಯಾಯದಿಂದ ಹೊರತಂದಿತು.

ಸಂಸತ್ತು ೨೦೧೯ರಲ್ಲಿ ಒಪ್ಪಿದ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣಾ ಕಾಯ್ದೆ ೨೦೨೦ರ ಜನವರಿ ೧೦ರಂದು ಜಾರಿಗೆ ಬಂದಿತು. ಅದರ ೧೫ನೆಯ ಕಲಮನ್ನು ಓದಿದರೆ ಕೊರತೆಯೇ ಇಲ್ಲವೆನ್ನಿಸುತ್ತದೆ: ಶಸ್ತ್ರಕ್ರಿಯೆ, ಹಾರ್ಮೋನು ಚಿಕಿತ್ಸೆ, ಆಪ್ತಸಮಾಲೋಚನೆ, ವೈದ್ಯ ಪಠ್ಯಕ್ರಮದ ಪರಿಶೀಲನೆ, ವಿಮೆ, ಎಲ್ಲವನ್ನೂ ಸರ್ಕಾರದ ಹೊಣೆಯೆಂದು ಅದು ಹೇಳಿತು. ಆದರೆ ಅದೇ ಕಾಯ್ದೆ ಗುರುತಿನ ಪ್ರಮಾಣಪತ್ರವನ್ನು ಜಿಲ್ಲಾ ದಂಡಾಧಿಕಾರಿಯ ಕೈಯಲ್ಲಿಟ್ಟಿತು. ಗಂಡು ಅಥವಾ ಹೆಣ್ಣು ಎಂದು ತಿದ್ದುಪಡಿಯ ಪತ್ರ ಬೇಕಾದರೆ ಶಸ್ತ್ರಕ್ರಿಯೆ ನಡೆದ ಆಸ್ಪತ್ರೆಯ ಅಧೀಕ್ಷಕ ಅಥವಾ ಮುಖ್ಯ ವೈದ್ಯಾಧಿಕಾರಿಯ ಪತ್ರವನ್ನು ಹಾಜರುಪಡಿಸಬೇಕೆಂದು ೭ನೆಯ ಕಲಮಿನಲ್ಲಿ ವಿಧಿಸಿತು. ನ್ಯಾಯಾಲಯ ಹೊರಗೆ ಕಳಿಸಿದ್ದ ವೈದ್ಯಪರೀಕ್ಷಕ ಹೀಗೆ ಹಿತ್ತಲ ಬಾಗಿಲಿನಿಂದ ಒಳಗೆ ಬಂದ. ಉದ್ದೇಶ ಬೇರೆಯಾಗಿತ್ತು ನಿಜ; ಬಂಧಿಸಲೆಂದಲ್ಲ, ಸವಲತ್ತು ಕೊಡಲೆಂದು. ಆದರೆ ಆಸ್ಪತ್ರೆ ಮತ್ತೆ ಪತ್ರ ಕೊಡುವ ಕಚೇರಿಯಾಯಿತು.

ಕೇಂದ್ರ ಸರ್ಕಾರ ೨೦೨೨ರ ಆಗಸ್ಟ್‌ನಲ್ಲಿ ವರ್ಷಕ್ಕೆ ಐದು ಲಕ್ಷ ರೂಪಾಯಿಗಳ ಚಿಕಿತ್ಸಾ ವಿಮೆಯನ್ನು ಪ್ರಕಟಿಸಿದಾಗ ಅದಕ್ಕೂ ಈ ಗುರುತಿನ ಪ್ರಮಾಣಪತ್ರವೇ ಕೀಲಿಯಾಯಿತು. ಅರ್ಜಿ ಸಲ್ಲಿಸಬೇಕಾದುದು ಅಂತರಜಾಲದ ಮೂಲಕ. ಊರೂರು ಜೋಗ ಬೇಡುವ, ನೆಲೆಯ ವಿಳಾಸವಿಲ್ಲದ ವಯಸ್ಸಾದ ಜೋಗಪ್ಪನಿಗೆ ಈ ಹಾದಿ ಎಷ್ಟು ದೂರವೆಂಬುದನ್ನು ವಿವರಿಸಬೇಕಾಗಿಲ್ಲ. ರೋಗಿಯಾಗಿ ಇವರನ್ನು ಒಪ್ಪಿದ ವ್ಯವಸ್ಥೆಯೇ ದಾನಿಯಾಗಿ ಇವರನ್ನು ನಿರಾಕರಿಸಿತು ಎಂಬುದೂ ಗಮನಾರ್ಹ. ರಕ್ತದಾನಿಗಳ ಆಯ್ಕೆಗೆ ೨೦೧೭ರಲ್ಲಿ ಹೊರಡಿಸಿದ ಮಾರ್ಗಸೂಚಿ ಪ್ರತಿಯೊಬ್ಬರ ಆರೋಗ್ಯವನ್ನು ನೋಡದೆ ಇಡೀ ಸಮುದಾಯವನ್ನು ಅಪಾಯದ ಗುಂಪಿನಲ್ಲಿಟ್ಟು ಹೊರಗಿರಿಸಿತು. ಮಣಿಪುರದ ತಾಂಗ್ಜಾಮ್ ಸಂತಾ ಸಿಂಗ್ ಅವರು ೨೦೨೧ರಲ್ಲಿ ಅದನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದರು.

ಬೇರೊಂದು ಮಾದರಿ ಸಾಧ್ಯವೆಂಬುದಕ್ಕೆ ಹೈದರಾಬಾದಿನಲ್ಲಿ ೨೦೨೧ರಲ್ಲಿ ಆರಂಭವಾದ ‘ಮಿತ್ರ್’ ಚಿಕಿತ್ಸಾಲಯ ಸಾಕ್ಷಿಯಾಗಿತ್ತು. ವೈದ್ಯರೂ ಸಿಬ್ಬಂದಿಯೂ ಬಹುಮಟ್ಟಿಗೆ ಸಮುದಾಯದವರೇ. ಸಾಮಾನ್ಯ ಕಾಯಿಲೆಗಳಿಂದ ಹಿಡಿದು ಹಾರ್ಮೋನು ಚಿಕಿತ್ಸೆಯವರೆಗೆ ಒಂದೇ ಸೂರಿನಡಿ. ಪುಣೆ, ಠಾಣೆಗಳಿಗೂ ಅದು ಹಬ್ಬಿತು. ಆದರೆ ಅದರ ಬೇರು ಅಮೆರಿಕದ ಧನಸಹಾಯದಲ್ಲಿತ್ತು. ಆ ದೇಶ ೨೦೨೫ರ ಆರಂಭದಲ್ಲಿ ವಿದೇಶೀ ನೆರವನ್ನು ತಡೆಹಿಡಿದೊಡನೆ ಈ ಚಿಕಿತ್ಸಾಲಯಗಳ ಬಾಗಿಲು ಮುಚ್ಚಿತು. ನಿಜಾಮನ ಕಾಯ್ದೆ ನೂರಾನಾಲ್ಕು ವರ್ಷ ಬಾಳಿದ ಊರಿನಲ್ಲಿ ಚಿಕಿತ್ಸಾಲಯ ಬಾಳಿದ್ದು ನಾಲ್ಕು ವರ್ಷ.

ಕೊನೆಯದಾಗಿ ಆ ಸಹಿಯ ವಿಷಯ. ೧೮೭೧ರ ಕಾಯ್ದೆ ನೋಂದಾಯಿತರ ದತ್ತಕದ ಹಕ್ಕನ್ನು ಕಸಿದುಕೊಂಡಿತ್ತು. ೨೦೧೯ರ ಕಾಯ್ದೆ ‘ಕುಟುಂಬ’ ಎಂಬ ಪದವನ್ನು ವ್ಯಾಖ್ಯಾನಿಸುವಾಗ ರಕ್ತಸಂಬಂಧ, ವಿವಾಹ ಅಥವಾ ಕಾನೂನಿನ ಪ್ರಕಾರ ಆದ ದತ್ತಕ, ಈ ಮೂರನ್ನೇ ಹೆಸರಿಸಿತು. ಮುತ್ತು ಕಟ್ಟಿದ ಹಿರಿಯ ಜೋಗತಿ, ನಲವತ್ತು ದಿನ ಬಿಸಿನೀರು ಕಾಯಿಸಿ ಕೊಟ್ಟ ಗುರು, ಅವರ ಚೇಲಾ ಈ ಮೂರರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಒಪ್ಪಿಗೆ ಪತ್ರದ ಕೆಳಗಿನ ಗೆರೆಯ ಮೇಲೆ ಅವರು ಹೆಬ್ಬೆಟ್ಟು ಒತ್ತಲು ಬಂದರೆ ದಾದಿ ಈಗಲೂ ಕೇಳುವುದು, ನೀವು ರೋಗಿಗೆ ಏನಾಗಬೇಕು ಎಂದೇ.